ಅವಳಿ ಕಾರ್ಬ್ಯುರೇಟರ್‌ಗಳ ಗಾತ್ರದ ಆಯ್ಕೆ

ಒಂದು ಪೆಟ್ರೋಲ್ ಎಂಜಿನ್‌ಗೆ ಎರಡು ಕಾರ್ಬ್ಯುರೇಟರ್‌ಗಳನ್ನು ಅಳವಡಿಸುವಾಗ ಅವುಗಳ ಗಾಳಿದ್ವಾರದ ವ್ಯಾಸವನ್ನು ಎಂಜಿನ್ನಿನ ಸಾಮರ್ಥ್ಯ, ವೇಗ ಹಾಗೂ ಬಳಕೆಗೆ ಹೊಂದುವಂತೆ ನಿರ್ಧರಿಸುವುದನ್ನು ಅವಳಿ ಕಾರ್ಬ್ಯುರೇಟರ್‌ಗಳ ಗಾತ್ರದ ಆಯ್ಕೆ ಎನ್ನುತ್ತಾರೆ. ಕಿಟ್ ಕಾರುಗಳಲ್ಲಿ, ಅಂದರೆ ಬಿಡಿಭಾಗಗಳನ್ನು ಕೊಂಡು ಮಾಲೀಕನೇ ಜೋಡಿಸಿಕೊಳ್ಳುವ ಕಾರುಗಳಲ್ಲಿ, ಈ ಪ್ರಶ್ನೆ ಹೆಚ್ಚಾಗಿ ಎದುರಾಗುತ್ತದೆ. ಅಂತಹ ಕಾರಿನ ಎಂಜಿನ್ ಒಂದು ವಾಹನದಿಂದಲೂ ಕಾರ್ಬ್ಯುರೇಟರ್ ಮತ್ತೊಂದರಿಂದಲೂ ಬಂದಿರುವುದು ಸಾಮಾನ್ಯ. ದೊಡ್ಡ ಕಾರ್ಬ್ಯುರೇಟರ್ ಹಾಕಿದಷ್ಟೂ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ. ಗಾತ್ರವನ್ನು ನಿರ್ಧರಿಸುವುದು ದ್ವಾರದ ಮೂಲಕ ಹಾಯುವ ಗಾಳಿಯ ವೇಗ.

ಕಾರ್ಯತತ್ತ್ವ

ಕಾರ್ಬ್ಯುರೇಟರ್‌ನ ಒಳಗೆ ವೆಂಚುರಿ ಎಂಬ ಕಿರಿದಾದ ಕೊರಳಿರುತ್ತದೆ. ಪಿಸ್ಟನ್ ಕೆಳಗಿಳಿದಾಗ ಒಳಸೇರುವ ಗಾಳಿ ಈ ಕೊರಳಿನಲ್ಲಿ ವೇಗ ಪಡೆಯುತ್ತದೆ. ವೇಗ ಹೆಚ್ಚಿದಾಗ ಒತ್ತಡ ತಗ್ಗುತ್ತದೆ. ತಗ್ಗಿದ ಒತ್ತಡವು ಜೆಟ್ ಎಂಬ ಸಣ್ಣ ರಂಧ್ರದಿಂದ ಪೆಟ್ರೋಲನ್ನು ಮೇಲೆಳೆದು ಹನಿಗಳಾಗಿ ಒಡೆಯುತ್ತದೆ.

ಕೊರಳು ಅಗತ್ಯಕ್ಕಿಂತ ಕಿರಿದಾಗಿದ್ದರೆ ಹೆಚ್ಚಿನ ವೇಗದಲ್ಲಿ ಎಂಜಿನ್‌ಗೆ ಸಾಕಷ್ಟು ಗಾಳಿ ದೊರೆಯುವುದಿಲ್ಲ. ಅಗತ್ಯಕ್ಕಿಂತ ಅಗಲವಾಗಿದ್ದರೆ ಕಡಿಮೆ ವೇಗದಲ್ಲಿ ಗಾಳಿ ನಿಧಾನವಾಗಿ ಹರಿದು, ಪೆಟ್ರೋಲ್ ಸರಿಯಾಗಿ ಹನಿಯೊಡೆಯದೆ ಮ್ಯಾನಿಫೋಲ್ಡ್‌ನ ಗೋಡೆಗೆ ಅಂಟಿಕೊಳ್ಳುತ್ತದೆ. ಆಗ ಆಕ್ಸಿಲರೇಟರ್ ಒತ್ತಿದ ಕ್ಷಣದಲ್ಲಿ ಎಂಜಿನ್ ಮುಗ್ಗರಿಸುತ್ತದೆ, ಇಂಧನವೂ ಹೆಚ್ಚು ಖರ್ಚಾಗುತ್ತದೆ.

ವೆಂಚುರಿಯನ್ನು ಚೋಕ್ ಎಂದೂ ಕರೆಯುವುದುಂಟು. ತಣ್ಣಗಿರುವ ಎಂಜಿನ್ ಚಾಲೂ ಮಾಡಲು ಎಳೆಯುವ ಚೋಕ್ ಬೇರೆಯದು. ಹಾಗೆಯೇ ಕಾರ್ಬ್ಯುರೇಟರ್‌ನ ಹೆಸರಿನಲ್ಲಿ ಕಾಣುವ ಅಂಕಿ ಸಾಮಾನ್ಯವಾಗಿ ಥ್ರಾಟಲ್ ಇರುವ ಕೊಳವೆಯ ವ್ಯಾಸವನ್ನು ಸೂಚಿಸುತ್ತದೆಯೇ ಹೊರತು ವೆಂಚುರಿಯ ವ್ಯಾಸವನ್ನಲ್ಲ. ಕೊಳ್ಳುವವರು ಈ ಎರಡು ಅಳತೆಗಳನ್ನು ಒಂದೇ ಎಂದು ಭಾವಿಸಬಾರದು.

ಎರಡು ಬಗೆಗಳು

*ಸ್ಥಿರ ವೆಂಚುರಿಯ ಬಗೆ:* ಇಟಲಿಯ ವೆಬರ್ ಡಿಸಿಒಇ ಮತ್ತು ಡೆಲೊರ್ಟೊ ಡಿಎಚ್‌ಎಲ್‌ಎ ಈ ಬಗೆಗೆ ಸೇರಿವೆ. ಒಂದೊಂದರಲ್ಲೂ ಎರಡು ಕೊಳವೆಗಳಿರುತ್ತವೆ. ಆದ್ದರಿಂದ ನಾಲ್ಕು ಸಿಲಿಂಡರ್‌ಗಳ ಎಂಜಿನ್‌ಗೆ ಇಂತಹ ಎರಡನ್ನು ಜೋಡಿಸಿದರೆ ಪ್ರತಿ ಸಿಲಿಂಡರ್‌ಗೂ ಸ್ವಂತ ಕೊಳವೆ ದೊರೆಯುತ್ತದೆ. ಒಳಗಿನ ವೆಂಚುರಿಯನ್ನು ಬದಲಾಯಿಸಬಹುದು, ಆದರೆ ಎಂಜಿನ್ ಓಡುತ್ತಿರುವಾಗ ಅದರ ಗಾತ್ರ ಬದಲಾಗುವುದಿಲ್ಲ. ಆದಕಾರಣ ಆಯ್ಕೆ ತಪ್ಪಿದರೆ ದೋಷ ಕೂಡಲೇ ಕಾಣಿಸಿಕೊಳ್ಳುತ್ತದೆ.

*ಸ್ಥಿರ ನಿರ್ವಾತದ ಬಗೆ:* ಬ್ರಿಟನ್ನಿನ ಎಸ್‌ಯು ಮತ್ತು ಸ್ಟ್ರೋಂಬರ್ಗ್ ಸಿಡಿ ಈ ಬಗೆಯವು. ಇವುಗಳಲ್ಲಿ ಒಂದು ಪಿಸ್ಟನ್ ಗಾಳಿಯ ಹರಿವಿಗೆ ತಕ್ಕಂತೆ ತಾನೇ ಮೇಲೇರಿ ಕೆಳಗಿಳಿದು ಕೊರಳನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಪಿಸ್ಟನ್‌ಗೆ ಜೋಡಿಸಿದ ಮೊನಚಾದ ಸೂಜಿ ಜೆಟ್‌ನ ತೆರಪನ್ನು ನಿಯಂತ್ರಿಸುತ್ತದೆ. ಗಾತ್ರ ತುಸು ದೊಡ್ಡದಾದರೂ ಈ ಬಗೆ ಸಹಿಸಿಕೊಳ್ಳುತ್ತದೆ.

ಎಸ್‌ಯುವಿನ ಎಚ್‌ಎಸ್ ಸರಣಿಯ ಹೆಸರಿನಲ್ಲೇ ಗಾತ್ರದ ಸೂಚನೆ ಇದೆ. ಒಂದು ಇಂಚಿನ ಮೇಲೆ ಎಷ್ಟು ಎಂಟನೇ ಭಾಗಗಳು ಎಂಬುದನ್ನು ಕೊನೆಯ ಅಂಕಿ ತಿಳಿಸುತ್ತದೆ. ಇದರಂತೆ ಎಚ್‌ಎಸ್2 ಎಂದರೆ 1¼ ಇಂಚು, ಎಚ್‌ಎಸ್4 ಎಂದರೆ 1½ ಇಂಚು, ಎಚ್‌ಎಸ್6 ಎಂದರೆ 1¾ ಇಂಚು.

ಗಾಳಿಯ ಲೆಕ್ಕ

ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಸಾಮರ್ಥ್ಯದಷ್ಟು ಗಾಳಿಯನ್ನು ಸೆಳೆಯಬೇಕು. ವಾಸ್ತವದಲ್ಲಿ ಸಿಲಿಂಡರ್ ಪೂರ್ತಿ ತುಂಬುವುದಿಲ್ಲ. ಸಾಧಾರಣ ಎಂಜಿನ್‌ಗೆ ಶೇಕಡಾ 85ರಷ್ಟು ತುಂಬುತ್ತದೆಂದು ಹಿಡಿದರೆ ಅಂದಾಜು ಲೆಕ್ಕಕ್ಕೆ ಸಾಕು. ಸಾಮರ್ಥ್ಯವನ್ನು ನಿಮಿಷದ ಸುತ್ತುಗಳಿಂದ ಗುಣಿಸಿ, ಎರಡರಿಂದ ಭಾಗಿಸಿ, 0.85ರಿಂದ ಗುಣಿಸಿದರೆ ನಿಮಿಷಕ್ಕೆ ಬೇಕಾಗುವ ಗಾಳಿಯ ಪ್ರಮಾಣ ಸಿಗುತ್ತದೆ. ಅದನ್ನು ಎರಡು ಕಾರ್ಬ್ಯುರೇಟರ್‌ಗಳಿಗೆ ಹಂಚಿ, ದ್ವಾರದ ವಿಸ್ತೀರ್ಣದಿಂದ ಭಾಗಿಸಿದರೆ ಗಾಳಿಯ ಸರಾಸರಿ ವೇಗ ತಿಳಿಯುತ್ತದೆ.

ಕಾರ್ಖಾನೆಯಿಂದಲೇ ಅವಳಿ ಎಸ್‌ಯು ಕಾರ್ಬ್ಯುರೇಟರ್‌ಗಳೊಂದಿಗೆ ಬಂದ ಕೆಲವು ಕಾರುಗಳಿಗೆ ಈ ಲೆಕ್ಕವನ್ನು ಅನ್ವಯಿಸಬಹುದು. ಹೋಲಿಕೆಗಾಗಿ ಎಲ್ಲಕ್ಕೂ ನಿಮಿಷಕ್ಕೆ 5,500 ಸುತ್ತುಗಳ ವೇಗವನ್ನು ತೆಗೆದುಕೊಳ್ಳಲಾಗಿದೆ.

- ಆಸ್ಟಿನ್-ಹೀಲಿ ಸ್ಪ್ರೈಟ್ (1958): 948 ಸಿಸಿ, 1⅛ ಇಂಚು, ಸೆಕೆಂಡಿಗೆ ಸುಮಾರು 29 ಮೀಟರ್
- ಮಿನಿ ಕೂಪರ್ (1961): 997 ಸಿಸಿ, 1¼ ಇಂಚು, ಸುಮಾರು 25 ಮೀಟರ್
- ಟ್ರಯಂಫ್ ಸ್ಪಿಟ್‌ಫೈರ್ (1962): 1,147 ಸಿಸಿ, 1¼ ಇಂಚು, ಸುಮಾರು 28 ಮೀಟರ್
- ಎಂಜಿ ಮಿಜೆಟ್ (1966ರ ಮಾದರಿ): 1,275 ಸಿಸಿ, 1¼ ಇಂಚು, ಸುಮಾರು 31 ಮೀಟರ್
- ಎಂಜಿಬಿ (1962): 1,798 ಸಿಸಿ, 1½ ಇಂಚು, ಸುಮಾರು 31 ಮೀಟರ್
- ಎಂಜಿಸಿ (1967): 2,912 ಸಿಸಿ, ಆರು ಸಿಲಿಂಡರ್, 1¾ ಇಂಚು, ಸುಮಾರು 37 ಮೀಟರ್

ಎಂಜಿನ್ನಿನ ಸಾಮರ್ಥ್ಯ ಮೂರು ಪಟ್ಟು ಹೆಚ್ಚಿದರೂ ಗಾಳಿಯ ವೇಗ ಸೆಕೆಂಡಿಗೆ 25ರಿಂದ 37 ಮೀಟರ್‌ಗಳ ನಡುವೆಯೇ ಉಳಿದಿರುವುದನ್ನು ಇಲ್ಲಿ ಗಮನಿಸಬಹುದು. ನಾಲ್ಕು ಸಿಲಿಂಡರ್‌ಗಳ ಕಾರುಗಳಲ್ಲಿ ಅದು ಬಹುಮಟ್ಟಿಗೆ 30ರ ಆಸುಪಾಸಿನಲ್ಲಿದೆ. ಹೊಸ ಜೋಡಣೆಗೆ ಗಾತ್ರ ಆರಿಸುವವರಿಗೆ ಇದು ಉತ್ತಮ ಮಾರ್ಗಸೂಚಿ.

ಬೆಂಗಳೂರಿನ ಒಂದು ಉದಾಹರಣೆ

ಕರ್ನಾಟಕದಲ್ಲಿ ಕಿಟ್ ಕಾರಿಗೆ ಹತ್ತಿರವಾದ ರಚನೆಯುಳ್ಳ ವಾಹನವೆಂದರೆ ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ 1982ರಲ್ಲಿ ಹೊರತಂದ ಡಾಲ್ಫಿನ್. ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿದ ಇದಕ್ಕೆ ಉಕ್ಕಿನ ಚಾಸಿಯ ಮೇಲೆ ಫೈಬರ್‌ಗ್ಲಾಸ್ ಮೈಕಟ್ಟು ಇತ್ತು. ಹಗುರವಾಗಿದ್ದ ಕಾರಣ ಇದು ಭಾರತದ ರ‍್ಯಾಲಿ ಸ್ಪರ್ಧೆಗಳಲ್ಲಿಯೂ ಹೆಸರು ಗಳಿಸಿತು. ಅಲ್ಯೂಮಿನಿಯಂನಿಂದ ಎರಕ ಹೊಯ್ದ ಇದರ ನಾಲ್ಕು ಸಿಲಿಂಡರ್‌ಗಳ ಎಂಜಿನ್‌ನ ಸಾಮರ್ಥ್ಯ 848 ಸಿಸಿ (ಬೋರ್ 62.5 ಮಿ.ಮೀ., ಸ್ಟ್ರೋಕ್ 69.1 ಮಿ.ಮೀ.). ಕಿಟನ್‌ನಲ್ಲಿ ಇದೇ ಎಂಜಿನ್ ಒಂದೇ 1¼ ಇಂಚಿನ ಎಸ್‌ಯು ಕಾರ್ಬ್ಯುರೇಟರ್‌ನಿಂದ 5,500 ಸುತ್ತುಗಳಲ್ಲಿ ಸುಮಾರು 40 ಅಶ್ವಶಕ್ತಿ ನೀಡುತ್ತಿತ್ತು. ಬ್ರಿಟನ್ನಿನಲ್ಲಿ ಕಿಟ್ ಕಾರುಗಳಿಗೂ 750 ಫಾರ್ಮುಲಾ ಓಟದ ಕಾರುಗಳಿಗೂ ರಿಲಯಂಟ್ ಎಂಜಿನ್‌ಗಳನ್ನು ಬಳಸುತ್ತಿದ್ದರು.

ಈ ಎಂಜಿನ್‌ಗೆ ಅವಳಿ ಕಾರ್ಬ್ಯುರೇಟರ್ ಆರಿಸಬೇಕಾದರೆ ಲೆಕ್ಕ ಹೀಗಾಗುತ್ತದೆ. 5,500 ಸುತ್ತುಗಳಲ್ಲಿ ಎಂಜಿನ್‌ಗೆ ಬೇಕಾಗುವ ಗಾಳಿ ನಿಮಿಷಕ್ಕೆ ಸುಮಾರು 1,980 ಲೀಟರ್, ಅಂದರೆ ಸೆಕೆಂಡಿಗೆ 33 ಲೀಟರ್. ಒಂದೊಂದು ಕಾರ್ಬ್ಯುರೇಟರ್‌ನ ಪಾಲು 16.5 ಲೀಟರ್.

- ಎರಡು 1⅛ ಇಂಚು: ಗಾಳಿಯ ವೇಗ ಸೆಕೆಂಡಿಗೆ ಸುಮಾರು 26 ಮೀಟರ್
- ಎರಡು 1¼ ಇಂಚು: ಸುಮಾರು 21 ಮೀಟರ್
- ಎರಡು 1½ ಇಂಚು: ಸುಮಾರು 14 ಮೀಟರ್

ಹಿಂದಿನ ಪಟ್ಟಿಯೊಂದಿಗೆ ಹೋಲಿಸಿದರೆ 1⅛ ಇಂಚು ಈ ಎಂಜಿನ್‌ಗೆ ಹೆಚ್ಚು ಹೊಂದುತ್ತದೆ. ಆದರೆ ಆ ಗಾತ್ರದ ಎಸ್‌ಯು ಇಂದು ವಿರಳ. ಸುಲಭವಾಗಿ ದೊರೆಯುವ 1¼ ಇಂಚನ್ನು, ಸ್ಥಿರ ನಿರ್ವಾತದ ಬಗೆಯಾದ್ದರಿಂದ, ಸರಿಯಾದ ಸೂಜಿಯೊಂದಿಗೆ ಬಳಸಬಹುದು. ಅದೇ ಮೇಲಿನ ಮಿತಿ. ಎಂಜಿಬಿಯ 1½ ಇಂಚಿನ ಜೋಡಿಯನ್ನು ಇದಕ್ಕೆ ಹಾಕಿದರೆ ಗಾಳಿಯ ವೇಗ ಎಂಜಿಬಿಯಲ್ಲಿರುವುದರ ಅರ್ಧಕ್ಕೂ ಕಡಿಮೆಯಾಗುತ್ತದೆ.

ಸಿಲಿಂಡರ್‌ಗೊಂದು ಕೊಳವೆ ಇದ್ದಾಗ

ಪ್ರತಿ ಸಿಲಿಂಡರ್‌ಗೂ ಸ್ವಂತ ಕೊಳವೆ ಇರುವ ವೆಬರ್ ಬಗೆಗೆ ಸರಾಸರಿ ಹರಿವಿನ ಲೆಕ್ಕ ಸಾಲದು. ಸಿಲಿಂಡರ್ ನಾಲ್ಕು ಹೊಡೆತಗಳಲ್ಲಿ ಮುಖ್ಯವಾಗಿ ಒಂದರಲ್ಲಿ ಮಾತ್ರ ಗಾಳಿ ಸೆಳೆಯುತ್ತದೆ. ಆದ್ದರಿಂದ ಆ ಕ್ಷಣದ ಹರಿವು ಸರಾಸರಿಯ ಹಲವು ಪಟ್ಟು ಇರುತ್ತದೆ. ಇಲ್ಲಿ ಬಳಕೆಯಲ್ಲಿರುವ ಸೂತ್ರ ಹೀಗಿದೆ: ಒಂದು ಸಿಲಿಂಡರಿನ ಸಾಮರ್ಥ್ಯವನ್ನು ಲೀಟರ್‌ಗಳಲ್ಲಿ ತೆಗೆದುಕೊಂಡು, ಸಾವಿರ ಸುತ್ತುಗಳ ಲೆಕ್ಕದ ವೇಗದಿಂದ ಗುಣಿಸಿ, ವರ್ಗಮೂಲ ಕಂಡು, 20ರಿಂದ ಗುಣಿಸಬೇಕು. ಬರುವ ಉತ್ತರವೇ ಮಿಲಿಮೀಟರ್‌ಗಳಲ್ಲಿ ವೆಂಚುರಿಯ ಅಂದಾಜು ವ್ಯಾಸ. ಕೊಳವೆಯ ವ್ಯಾಸ ಇದರ ಸುಮಾರು 1.25 ಪಟ್ಟು ಇರಬೇಕು.

1,600 ಸಿಸಿ ಎಂಜಿನ್ 6,000 ಸುತ್ತುಗಳಲ್ಲಿ ಗರಿಷ್ಠ ಶಕ್ತಿ ನೀಡುವುದಾದರೆ 0.4 ಮತ್ತು 6ರ ಗುಣಲಬ್ಧ 2.4, ವರ್ಗಮೂಲ 1.55. ವೆಂಚುರಿ 31 ಮಿ.ಮೀ., ಕೊಳವೆ 39 ಮಿ.ಮೀ. ಎಂದಾಗುತ್ತದೆ. 1,558 ಸಿಸಿ ಎಂಜಿನ್‌ನ ಲೋಟಸ್ ಇಲಾನ್ ಕಾರಿಗೆ ಎರಡು 40 ಡಿಸಿಒಇ ಅಳವಡಿಸಿದ್ದುದು ಈ ಲೆಕ್ಕಕ್ಕೆ ಹೊಂದುತ್ತದೆ. ಅದೇ ಸೂತ್ರದಂತೆ ಡಾಲ್ಫಿನ್‌ನ 848 ಸಿಸಿ ಎಂಜಿನ್‌ಗೆ 23 ಮಿ.ಮೀ. ವೆಂಚುರಿಯೂ 28 ಮಿ.ಮೀ. ಕೊಳವೆಯೂ ಸಾಕು. 40 ಮಿ.ಮೀ. ಕೊಳವೆ ಅದಕ್ಕೆ ತೀರಾ ದೊಡ್ಡದು.

ಸೂತ್ರ ಬಳಸುವ ಮುನ್ನ ಸಿಲಿಂಡರ್ ಹೆಡ್ಡನ್ನು ಪರಿಶೀಲಿಸಬೇಕು. ಮಿನಿ ಮತ್ತು ಸ್ಪ್ರೈಟ್ ಕಾರುಗಳ ಎಂಜಿನ್‌ಗಳಲ್ಲಿ ಎರಡು ಸಿಲಿಂಡರ್‌ಗಳಿಗೆ ಒಂದೇ ಒಳದ್ವಾರವಿದೆ. ಅಂತಹ ಕಡೆ ಸಿಲಿಂಡರ್‌ಗೊಂದು ಕೊಳವೆ ಎಂಬ ಲೆಕ್ಕ ಅನ್ವಯಿಸುವುದಿಲ್ಲ. ಇನ್ನೊಂದು ಅಂಶವೆಂದರೆ 1-3-4-2 ಕ್ರಮದ ಎಂಜಿನ್‌ನಲ್ಲಿ 1 ಮತ್ತು 2ನೇ ಸಿಲಿಂಡರ್‌ಗಳು ಒಂದರ ಹಿಂದೆ ಒಂದು ಗಾಳಿ ಸೆಳೆದು, ಬಳಿಕ ಇಬ್ಬರೂ ವಿರಮಿಸುವಂತೆ ಸುಮ್ಮನಿರುತ್ತವೆ. ಈ ಏರುಪೇರನ್ನು ತಗ್ಗಿಸಲು ಎರಡು ಕಾರ್ಬ್ಯುರೇಟರ್‌ಗಳ ಮ್ಯಾನಿಫೋಲ್ಡ್‌ಗಳ ನಡುವೆ ಸಮತೋಲನ ಕೊಳವೆಯೊಂದನ್ನು ಇಡುತ್ತಾರೆ.

ಎತ್ತರ ಮತ್ತು ಇಂಧನದ ಪ್ರಭಾವ

ಗಾತ್ರ ನಿಶ್ಚಯವಾದ ಮೇಲೆ ಜೆಟ್ ಆರಿಸಬೇಕು. ವೆಬರ್‌ನಲ್ಲಿ ಮುಖ್ಯ ಜೆಟ್‌ನ ಸಂಖ್ಯೆಯನ್ನು ವೆಂಚುರಿಯ ವ್ಯಾಸದ ಸುಮಾರು ನಾಲ್ಕು ಪಟ್ಟು ಎಂದು ಆರಂಭಿಸುವುದು ರೂಢಿ. 31 ಮಿ.ಮೀ.ಗೆ ಸುಮಾರು 125. ನಂತರ ಪರೀಕ್ಷೆಯಿಂದ ತಿದ್ದಬೇಕು.

ಈ ತಿದ್ದುಪಡಿಯಲ್ಲಿ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಸಾಂದ್ರತೆ ಶೇಕಡಾ 8ರಷ್ಟು ಕಡಿಮೆ. ಸುಮಾರು 600 ಮೀಟರ್ ಎತ್ತರದ ಶಿಕಾರಿಪುರ, ಸೊರಬ, ಅಂಬ್ಲಿಗೊಳ ಸೀಮೆಯಲ್ಲಿ ಶೇಕಡಾ 5ರಿಂದ 6ರಷ್ಟು ಕಡಿಮೆ. ಗಾಳಿ ವಿರಳವಾದಾಗ ಮಿಶ್ರಣದಲ್ಲಿ ಪೆಟ್ರೋಲ್‌ನ ಪಾಲು ಹೆಚ್ಚುತ್ತದೆ. ಆದ್ದರಿಂದ ಎತ್ತರದ ಊರಿನಲ್ಲಿ ಸಣ್ಣ ಜೆಟ್ ಸಾಕಾಗುತ್ತದೆ. ಅದೇ ಕಾರು ಸಾಗರ, ಗೇರುಸೊಪ್ಪೆ ಮಾರ್ಗವಾಗಿ ಘಟ್ಟ ಇಳಿದು ಹೊನ್ನಾವರ ತಲುಪಿದಾಗ ಗಾಳಿ ಸಾಂದ್ರವಾಗಿ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ. ಪೆಟ್ರೋಲ್ ಕಡಿಮೆಯಾದ ಮಿಶ್ರಣದಿಂದ ಪೂರ್ಣ ಥ್ರಾಟಲ್‌ನಲ್ಲಿ ಎಂಜಿನ್ ಅತಿಯಾಗಿ ಕಾಯ್ದು, ಪಿಸ್ಟನ್‌ಗೂ ವಾಲ್ವ್‌ಗೂ ಹಾನಿಯಾಗಬಹುದು. ಘಟ್ಟದ ಮೇಲೂ ಕೆಳಗೂ ಓಡಾಡುವ ವಾಹನದ ಜೆಟ್ಟನ್ನು ಕರಾವಳಿಯ ಅಗತ್ಯಕ್ಕೆ ತಕ್ಕಂತೆ ಇಡುವುದು ಸುರಕ್ಷಿತ.

ಭಾರತದಲ್ಲಿ ಈಗ ಮಾರಾಟವಾಗುವ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಕೂಡ ಇದೇ ಪರಿಣಾಮವನ್ನು ಬೀರುತ್ತದೆ. ಎಥನಾಲ್‌ನಲ್ಲಿ ಆಮ್ಲಜನಕವಿರುವುದರಿಂದ ಹಳೆಯ ಜೆಟ್‌ನಲ್ಲಿ ಮಿಶ್ರಣ ದುರ್ಬಲವಾಗುತ್ತದೆ. ಹಳೆಯ ರಬ್ಬರ್ ನಳಿಕೆಗಳೂ ಸೀಲುಗಳೂ ಹಾಳಾಗುವ ಸಾಧ್ಯತೆ ಇರುವುದರಿಂದ ಅವುಗಳನ್ನು ಬದಲಾಯಿಸುವುದು ಒಳಿತು.

ಜೋಡಣೆಯ ನಂತರ

ಎರಡೂ ಥ್ರಾಟಲ್‌ಗಳು ಒಂದೇ ಕ್ಷಣದಲ್ಲಿ, ಒಂದೇ ಪ್ರಮಾಣದಲ್ಲಿ ತೆರೆಯಬೇಕು. ಗಾಳಿ ಅಳೆಯುವ ಮಾಪಕವಿಲ್ಲದಿದ್ದರೆ ರಬ್ಬರ್ ನಳಿಕೆಯ ಒಂದು ತುದಿಯನ್ನು ಕಾರ್ಬ್ಯುರೇಟರ್‌ನ ಬಾಯಿಗೂ ಇನ್ನೊಂದನ್ನು ಕಿವಿಗೂ ಹಿಡಿದು, ಎರಡರ ಸದ್ದು ಸಮವಾಗುವವರೆಗೆ ತಿರುಪನ್ನು ಹೊಂದಿಸುತ್ತಾರೆ. ಬಳಿಕ ಸ್ಪಾರ್ಕ್ ಪ್ಲಗ್‌ನ ಬಣ್ಣ ನೋಡಬೇಕು. ಕಪ್ಪು ಮಸಿ ಪೆಟ್ರೋಲ್ ಹೆಚ್ಚಿರುವುದನ್ನೂ ಬಿಳಿಚಿದ ಬಣ್ಣ ಪೆಟ್ರೋಲ್ ಸಾಲದಿರುವುದನ್ನೂ ಸೂಚಿಸುತ್ತದೆ. ಕಡಿಮೆ ವೇಗದಲ್ಲಿ ಮುಗ್ಗರಿಸಿ ಹೆಚ್ಚಿನ ವೇಗದಲ್ಲಿ ಚೆನ್ನಾಗಿ ಓಡಿದರೆ ವೆಂಚುರಿ ದೊಡ್ಡದಾಗಿರಬಹುದು. ಕೆಳಗೆ ಚುರುಕಾಗಿದ್ದು ಮೇಲಿನ ಸುತ್ತುಗಳಲ್ಲಿ ಸೊರಗಿದರೆ ಅದು ಕಿರಿದಾಗಿರಬಹುದು.

ಕಾನೂನಿನ ಮಿತಿ

ಭಾರತದಲ್ಲಿ ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಸೆಕ್ಷನ್ ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿಲುವನ್ನು ಎತ್ತಿಹಿಡಿಯಿತು. ಹೊಸ ಮಾದರಿಯ ವಾಹನಕ್ಕೆ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 126ನೇ ನಿಯಮದಂತೆ ಅಧಿಕೃತ ಪರೀಕ್ಷೆ ಅಗತ್ಯ. ಈ ಕಾರಣಗಳಿಂದ ಬ್ರಿಟನ್ನಿನಂತೆ ಕಿಟ್ ಕಾರುಗಳ ಸಂಸ್ಕೃತಿ ಇಲ್ಲಿ ಬೆಳೆಯಲಿಲ್ಲ. ಕಾರುಗಳಲ್ಲಿ ಕಾರ್ಬ್ಯುರೇಟರ್‌ನ ಸ್ಥಾನವನ್ನು 2000ದ ಆಸುಪಾಸಿನಿಂದ ಇಂಧನ ಇಂಜೆಕ್ಷನ್ ಆಕ್ರಮಿಸಿತು. ಅವಳಿ ಕಾರ್ಬ್ಯುರೇಟರ್‌ಗಳ ಬಳಕೆ ಈಗ ಮುಖ್ಯವಾಗಿ ಹಳೆಯ ಕಾರುಗಳ ಪುನರುಜ್ಜೀವನಕ್ಕೂ ಓಟದ ಅಂಕಣಕ್ಕೂ ಸೀಮಿತವಾಗಿದೆ. ರಸ್ತೆಗಿಳಿಯುವ ಹಳೆಯ ಕಾರು ಹೊಗೆ ತಪಾಸಣೆಯಲ್ಲಿ ಉತ್ತೀರ್ಣವಾಗಬೇಕಾದುದರಿಂದ, ಸರಿಯಾದ ಗಾತ್ರ ಮತ್ತು ಸರಿಯಾದ ಮಿಶ್ರಣ ಅದಕ್ಕೂ ಅವಶ್ಯಕ.