ನಮ್ಮ ಬಯಲುಸೀಮೆಯ ಸ್ಫಟಿಕ, ಕುರಂದ

ಸ್ಫಟಿಕವೆಂದು ನಂಬಿ ಗಾಜಿನ ಮಾಲೆ ತಂದವರು ನಮ್ಮ ಮನೆತನಗಳಲ್ಲಿ ವಿರಳರಲ್ಲ. ಈ ಲೇಖಕನೂ ಅವರಲ್ಲೊಬ್ಬ. ಜಾತ್ರೆಯೊಂದರಲ್ಲಿ ಕೊಂಡ ಮಾಲೆ ವರ್ಷಗಟ್ಟಲೆ ಪೂಜಾಗೃಹದಲ್ಲಿತ್ತು. ಒಂದು ದಿನ ಭೂಗರ್ಭದರ್ಪಣದಡಿ, ಎಂದರೆ ಸಾಧಾರಣ ಭೂತಗನ್ನಡಿಯಡಿ, ಹಿಡಿದು ನೋಡಿದಾಗ ಮಣಿಯೊಳಗೆ ದುಂಡನೆಯ ಗಾಳಿಗುಳ್ಳೆಗಳು ಕಂಡವು. ಇದರಿಂದ ಪೂಜೆಗೇನೂ ಕುಂದಾಗಲಿಲ್ಲ. ಗುರುಕರುಣೆಯಿಂದ ಬಂದ ಇಷ್ಟಲಿಂಗದ ಶಿಲೆಯು ಕಂತಿಯೊಳಗೆ ಮರೆಯಾಗಿಯೇ ಇರುತ್ತದೆ. ಅದರ ಮಹಿಮೆಯನ್ನು ಕಲ್ಲಿನ ಬೆಲೆಯಿಂದ ಅಳೆದವರಿಲ್ಲ. ಆದರೆ ಕಾಯಕದಿಂದ ಗಳಿಸಿದ ಹಣ ವ್ಯರ್ಥವಾಯಿತಲ್ಲ ಎಂಬ ಖೇದ ಉಳಿಯಿತು.

ವಿಶೇಷವೆಂದರೆ, ನಿಜವಾದ ಸ್ಫಟಿಕದ ಬಂಧುವು ನಮ್ಮ ಹೊಲಗಳಲ್ಲಿಯೇ ಬಿದ್ದಿದೆ. ರೈತರು ಬೆಣಚುಕಲ್ಲು ಎಂದು ಬದುವಿಗೆ ಎಸೆಯುವುದು ಅದನ್ನೇ. ಬೆಣಚುಕಲ್ಲು, ಸ್ಫಟಿಕ ಎರಡೂ ಸಿಲಿಕಾನ್ ಮತ್ತು ಆಮ್ಲಜನಕಗಳ ಸಂಯೋಗವೇ. ಮಧುಗಿರಿಯ ಏಕಶಿಲಾ ಬೆಟ್ಟ, ಪಾವಗಡದ ದುರ್ಗ ಇವು ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಶಿಲಾರಸವು ತಣಿದು ಆದ ಗ್ರಾನೈಟ್. ರಾಮನಗರದ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ತಣಿಯುವಿಕೆ ನಿಧಾನವಾದಷ್ಟೂ ಹರಳು ದೊಡ್ಡದು. ಈ ಶಿಲೆಯಲ್ಲಿ ಹಲವೆಡೆ ಎದ್ದು ಕಾಣುವ ನಸುಗೆಂಪು ಫೆಲ್ಡ್‌ಸ್ಪಾರ್ ಹರಳುಗಳೇ ಅದಕ್ಕೆ ಸಾಕ್ಷಿ. ಕೊನೆಗುಳಿದ ಸಿಲಿಕಾಯುಕ್ತ ಬಿಸಿನೀರು ಬಂಡೆಯ ಬಿರುಕುಗಳಲ್ಲಿ ಹರಿದು ಬೆಣಚುಕಲ್ಲಿನ ಪಟ್ಟೆಗಳಾಗುತ್ತದೆ. ಬಿರುಕಿನಲ್ಲಿ ಖಾಲಿ ಎಡೆಯಿದ್ದರೆ ಮಾತ್ರ ಆರು ಮುಖದ ಕಂಬದಂತೆ ಬೆಳೆದು, ತುದಿ ಚೂಪಾದ ಸ್ಫಟಿಕವಾಗುತ್ತದೆ. ಎಡೆಯಿಲ್ಲದಿದ್ದರೆ ಆಕಾರವಿಲ್ಲದ ಬಿಳಿಗಲ್ಲು. (ಪಾವಗಡದ ತಿರುಮಣಿಯ ಸುತ್ತ 13,000 ಎಕರೆಗಳಲ್ಲಿ ಹರಡಿರುವ ಸೌರ ವಿದ್ಯುತ್ ಫಲಕಗಳ ಸಿಲಿಕಾನ್ ಕೂಡ ಮೂಲತಃ ಇಂಥ ಬೆಣಚುಕಲ್ಲಿನ ಜಾತಿಯಿಂದಲೇ ಬರುವಂಥದು.)

ಗಾಜಿನ ಮೂಲದ್ರವ್ಯವೂ ಸಿಲಿಕಾ ಮರಳೇ. ಆದರೆ ಅದು ಬೇಗ ತಣಿದುದರಿಂದ ಅಣುಗಳು ಸಾಲುಗೂಡಲು ಸಮಯ ಸಿಕ್ಕಿಲ್ಲ. ಸ್ಫಟಿಕದಲ್ಲಿ ಅವು ಕ್ರಮವಾಗಿ ನಿಂತಿವೆ. ಆದ್ದರಿಂದಲೇ ಸ್ಫಟಿಕವು ಶಾಖವನ್ನು ಬೇಗ ಸಾಗಿಸಿ ಕೈಗೆ ಗಾಜಿಗಿಂತ ತಣ್ಣಗೆ ತೋರುತ್ತದೆ. ದೊಡ್ಡ ಸ್ಫಟಿಕದ ಗುಂಡನ್ನು ಒಂದು ಕೂದಲೆಳೆಯ ಮೇಲಿಟ್ಟು ಮೆಲ್ಲಗೆ ಹೊರಳಿಸಿದರೆ ಕೆಲವು ದಿಕ್ಕುಗಳಲ್ಲಿ ಎಳೆ ಎರಡಾಗಿ ಕಾಣುತ್ತದೆ, ಗಾಜಿನಲ್ಲಿ ಹಾಗಾಗದು. ಸ್ಫಟಿಕದೊಳಗೆ ಮಂಜಿನ ತೆರೆಯಂಥ ಕಲೆಗಳಿರಬಹುದು, ದುಂಡನೆಯ ಗುಳ್ಳೆಗಳಂತೂ ಗಾಜಿನ ಲಕ್ಷಣ. ಕಾರ್ಖಾನೆಯಲ್ಲಿ ಬೆಳೆಸಿದ ಸ್ಫಟಿಕವೂ ಇದೆ. ಅದನ್ನು ಮನೆಯಲ್ಲಿ ಗುರುತಿಸುವುದು ಅಸಾಧ್ಯ.

ಇನ್ನು ಕುರಂದದ ವಿಷಯ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಿಗೂ ಕುರಂದಕ್ಕೂ ಹಳೆಯ ನಂಟು. ಸಂಸ್ಕೃತದ ಕುರುವಿಂದವೂ ಇದೇ ಕುಲದ ಹೆಸರು. ಇಂಗ್ಲಿಷಿನವರ ಕೊರಂಡಮ್ ಎಂಬ ಪದ ಹೋದದ್ದೂ ನಮ್ಮ ದ್ರಾವಿಡ ನಾಡಿನಿಂದಲೇ. ಇದು ಅಲ್ಯೂಮಿನಿಯಂ ಮತ್ತು ಆಮ್ಲಜನಕಗಳ ಸಂಯೋಗ. ಗಡಸುತನವನ್ನು ಅಳೆಯಲು ಜರ್ಮನಿಯ ಮೋಸ್ 1812ರಲ್ಲಿ ರಚಿಸಿದ ಮೆಟ್ಟಿಲಲ್ಲಿ ಸ್ಫಟಿಕಕ್ಕೆ 7, ಕುರಂದಕ್ಕೆ 9, ವಜ್ರಕ್ಕೆ 10. ಹಿಂದೆ ಕುರಂದದ ಪುಡಿಯನ್ನು ಅರಗಿನೊಡನೆ ಬೆರೆಸಿ ಸಾಣೆಕಲ್ಲು ಮಾಡುತ್ತಿದ್ದರು. 1891ರಲ್ಲಿ ಅಮೆರಿಕದ ಅಚೆಸನ್ ಕೃತಕ ಕಾರ್ಬೊರಂಡಮ್ ತಯಾರಿಸಿದ ಮೇಲೆ ನೈಸರ್ಗಿಕ ಕುರಂದದ ಬೇಡಿಕೆ ಕ್ರಮೇಣ ಇಳಿಯಿತು.

ಮಾಣಿಕ್ಯ, ನೀಲಮಣಿಗಳೂ ಕುರಂದವೇ ಎಂದರೆ ಎಷ್ಟೋ ತಾಯಂದಿರು ನಂಬಲಾರರು. ಎಳ್ಳಷ್ಟು ಕ್ರೋಮಿಯಂ ಬೆರೆತರೆ ಕೆಂಪು. ಕಬ್ಬಿಣ, ಟೈಟಾನಿಯಂ ಕೂಡಿದರೆ ನೀಲಿ. ಆದರೆ ಪಾರದರ್ಶಕತೆಯಿಲ್ಲದ ಹರಳು ಸಾಣೆಗೆ ಹೋಗುವುದೇ ಹೊರತು ಉಂಗುರಕ್ಕಲ್ಲ. ಸಿಲಿಕಾ ಹೇರಳವಾಗಿರುವ ಗ್ರಾನೈಟಿನಲ್ಲಿ ಕುರಂದ ಹುಟ್ಟುವುದಿಲ್ಲ, ಏಕೆಂದರೆ ಅಲ್ಯೂಮಿನಿಯಂ ಆಗಲೇ ಸಿಲಿಕಾದೊಡನೆ ಕೂಡಿ ಫೆಲ್ಡ್‌ಸ್ಪಾರ್, ಅಭ್ರಕ ಮೊದಲಾದ ಖನಿಜಗಳಾಗಿಬಿಡುತ್ತದೆ. ಸಿಲಿಕಾ ಕಡಿಮೆಯಿರುವ ಶಿಲೆಗಳು ಅಧಿಕ ಶಾಖ, ಒತ್ತಡಗಳಿಗೆ ಸಿಕ್ಕಾಗ ಮಾತ್ರ ಅದಕ್ಕೆ ಅವಕಾಶ. ಹೀಗಾಗಿ ಬೆಟ್ಟದ ಬಂಡೆಯಲ್ಲಿ ಹುಡುಕುವುದು ವ್ಯರ್ಥ. ಗಟ್ಟಿಯಾದುದರಿಂದ ಸುತ್ತಲಿನ ಶಿಲೆ ಕರಗಿ ಮಣ್ಣಾದರೂ ಕುರಂದ ಉಳಿದುಕೊಳ್ಳುತ್ತದೆ. ಮಳೆ ತೊಳೆದ ಹೊಲದಲ್ಲಿ, ಹಳ್ಳದ ಮರಳಿನಲ್ಲಿ ಕಣ್ಣಿಗೆ ಬೀಳುತ್ತದೆ.

ಮಕ್ಕಳು ಕೆಂಪು ಕಲ್ಲು ಆಯ್ದು ತಂದು ಮಾಣಿಕ್ಯವೆಂದು ಹಿಗ್ಗಿದರೆ, ನಗದೆ ತಕ್ಕಡಿ ತರಿಸಿರಿ. ಕಲ್ಲನ್ನು ಮೊದಲು ಗಾಳಿಯಲ್ಲಿ, ಬಳಿಕ ದಾರದಿಂದ ನೀರಿನಲ್ಲಿ ಇಳಿಬಿಟ್ಟು ತೂಗಬೇಕು. 40 ಗ್ರಾಂ ಕಲ್ಲು ನೀರಿನಲ್ಲಿ 10 ಗ್ರಾಂ ಕಳೆದುಕೊಂಡರೆ ಕುರಂದವಾಗಿರಬಹುದು. 15 ಗ್ರಾಂ ಕಳೆದುಕೊಂಡರೆ ಬೆಣಚುಕಲ್ಲು. ಕೆಂಪು ಗಾರ್ನೆಟ್ ಕೂಡ ಕುರಂದದಷ್ಟೇ ಭಾರ. ಆದರೆ ಅದು ಹಲವು ಮುಖಗಳ ಚೆಂಡಿನಂತಿರುತ್ತದೆ; ಕುರಂದ ಆರು ಮುಖದ ಪೀಪಾಯಿಯಂತೆ ನಡುವೆ ಉಬ್ಬಿರುತ್ತದೆ. ಬೆಣಚುಕಲ್ಲಿನ ಮೇಲೆ ಗೀಚಿದರೆ ಕುರಂದವು ಸುಲಭವಾಗಿ ಗೆರೆ ಬೀಳಿಸುತ್ತದೆ. ಪೂಜೆಯ ಮಣಿಯ ಮೇಲೆ ಮಾತ್ರ ಈ ಪರೀಕ್ಷೆ ಬೇಡ.