ಅಧಿಕಾರಿಯನ್ನ ಕರೆಸಿ ಕೇಳೋ ಅಧಿಕಾರ: ಎಲ್ಲಿಂದ ಬಂತು, ಎಲ್ಲಿ ನಿಲ್ಲುತ್ತೆ?

ಪೆರೇಸಂದ್ರದಿಂದ ಮಾತಾಡ್ತಿದ್ದೀನಿ. ನಮ್ಮ ಜಿಲ್ಲೆಯ ಕೆರೆಗಳಿಗೆ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರ್ತಿದೆ. ಮೂರನೇ ಹಂತದವರೆಗೂ ಶುದ್ಧೀಕರಿಸಿ ಕೊಡಿ ಅನ್ನೋದು ಇಲ್ಲಿನ ರೈತರ ಹಳೇ ಬೇಡಿಕೆ. ಯಾಕೆ ಕೊಡ್ತಿಲ್ಲ ಅಂತ ನಾವು ಕೇಳಿದ್ರೆ ಅಧಿಕಾರಿ 'ಮೇಲಿನವರನ್ನ ಕೇಳಿ' ಅಂದುಬಿಡಬಹುದು. ಹಾಗೆ ಸುಲಭವಾಗಿ ಜಾರಿಕೊಳ್ಳೋಕೆ ಆಗದ ಜಾಗ ಒಂದಿದೆ: ವಿಧಾನಮಂಡಲದ ಸಮಿತಿ.

ಈ ಅಧಿಕಾರ ಎಲ್ಲಿಂದ ಬಂತು? 'ಅಧಿಕಾರಿಯನ್ನು ಕರೆಸಬಹುದು' ಅಂತ ಸಂವಿಧಾನದಲ್ಲಿ ನೇರವಾಗಿ ಒಂದು ಸಾಲು ಇಲ್ಲ. 194(3)ನೇ ವಿಧಿ ಸದನಕ್ಕೂ ಅದರ ಸಮಿತಿಗಳಿಗೂ ವಿಶೇಷ ಹಕ್ಕು ಕೊಡುತ್ತೆ. 208ನೇ ವಿಧಿ ಪ್ರಕಾರ ಸದನ ತನ್ನ ನಿಯಮಗಳನ್ನ ತಾನೇ ಮಾಡಿಕೊಳ್ಳುತ್ತೆ. ಇವುಗಳ ಬಲದಿಂದಲೇ ಸಮಿತಿ ಅಧಿಕಾರಿಗಳನ್ನ ಕರೆಸುತ್ತೆ, ಕಡತ ತರಿಸುತ್ತೆ. ಬೇಕಂತಲೇ ಬರದಿದ್ರೆ ಅದು ಹಕ್ಕುಚ್ಯುತಿ ಆಗಬಹುದು. ದೆಹಲಿ ವಿಧಾನಸಭೆ ಫೇಸ್‌ಬುಕ್ ಇಂಡಿಯಾ ಮುಖ್ಯಸ್ಥರನ್ನ ಕರೆದ ಪ್ರಕರಣದಲ್ಲಿ, 2021ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟಪಡಿಸಿತು: ಸದಸ್ಯರಲ್ಲದವರನ್ನೂ ಕರೆಯಬಹುದು, ಆದ್ರೆ ಸದನದ ವ್ಯಾಪ್ತಿ ಮೀರಿದ ಪ್ರಶ್ನೆಗೆ ಉತ್ತರ ಕೊಡಬೇಕಿಲ್ಲ.

ನಾನು ಬಿ.ಕಾಂ. ಓದಿದವನು, ಅದಕ್ಕೆ ಲೆಕ್ಕದ ಉದಾಹರಣೆ ಕೊಡ್ತೀನಿ. ಸಿಎಜಿ ಅಂದ್ರೆ ಸರ್ಕಾರದ ಆಡಿಟರ್. ಅವರ ವರದಿ 151ನೇ ವಿಧಿ ಪ್ರಕಾರ ರಾಜ್ಯಪಾಲರ ಮೂಲಕ ಸದನಕ್ಕೆ ಬರುತ್ತೆ. ಅಲ್ಲಿಂದ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ. ಅದರ ಅಧ್ಯಕ್ಷರು ಸಾಮಾನ್ಯವಾಗಿ ವಿರೋಧ ಪಕ್ಷದವರು. ಅವರ ಎದುರು ಕೂತು ಉತ್ತರ ಹೇಳಬೇಕಾದವರು ಇಲಾಖೆಯ ಕಾರ್ಯದರ್ಶಿ.

ಆದ್ರೆ ಇದಕ್ಕೂ ಮಿತಿ ಇದೆ. 2020ರಲ್ಲಿ ಎಚ್.ಕೆ. ಪಾಟೀಲ್ ಅಧ್ಯಕ್ಷತೆಯ ಇದೇ ಸಮಿತಿ ಕೋವಿಡ್ ಖರೀದಿ ಬಗ್ಗೆ ಸ್ಥಳ ಪರಿಶೀಲನೆಗೆ ಹೊರಟಿತ್ತು. ಕೋವಿಡ್ ಕಾರಣ ಕೊಟ್ಟು ಸಮಿತಿಗಳ ಸ್ಥಳ ಪರಿಶೀಲನೆಗೆ ಅಂದಿನ ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿ ತಡೆ ಹಾಕಿದ್ರು. ಪಾಟೀಲರು ಪ್ರತಿಭಟಿಸಿದ್ರು. ಅಂದ್ರೆ ಸಮಿತಿಯ ಹಗ್ಗ ಸ್ಪೀಕರ್ ಕೈಲಿ.

ಇನ್ನೊಂದು ಮಿತಿ ಇನ್ನೂ ದೊಡ್ಡದು. ಕೆ.ಬಿ. ಕೋಳಿವಾಡ ನೇತೃತ್ವದ ಸದನ ಸಮಿತಿ ಬೆಂಗಳೂರು ನಗರ ಮತ್ತು ಗ್ರಾಮಾಂತರದ ಕೆರೆಗಳಲ್ಲಿ 10 ಸಾವಿರ ಎಕರೆಗೂ ಹೆಚ್ಚು ಒತ್ತುವರಿ ಆಗಿದೆ ಅಂತ 2017ರಲ್ಲಿ ವರದಿ ಕೊಟ್ಟಿತು. ಆದ್ರೆ ಸಮಿತಿ ತಾನೇ ಹೋಗಿ ಒತ್ತುವರಿ ತೆರವು ಮಾಡೋಕಾಗಲ್ಲ, ಶಿಫಾರಸು ಮಾಡಬಹುದು ಅಷ್ಟೇ. ತೆರವು ಮಾಡಬೇಕಾದವರು ಮತ್ತೆ ಅದೇ ಇಲಾಖೆಗಳವರು.

ಹಾಗಾದ್ರೆ ಈ ಅಧಿಕಾರ ದಂಡನಾ? ಅಲ್ಲ. ಅಧಿಕಾರಿ ಕೊಟ್ಟ ಉತ್ತರ ದಾಖಲೆಗೆ ಹೋಗುತ್ತೆ, ನಾಳೆ ಅದನ್ನ ಹಿಡಿದು ಮತ್ತೆ ಕೇಳಬಹುದು. ಕೇಳೋರು ಬೇಕು. ನಿಮ್ಮ ಶಾಸಕರು ಮದುವೆಗೋ ಜಾತ್ರೆಗೋ ಬಂದಾಗ ಎರಡು ಪ್ರಶ್ನೆ ಹಾಕಿ: 'ಅಣ್ಣಾ, ನೀವು ಯಾವ ಸಮಿತೀಲಿದ್ದೀರ? ಹೋದ ವರದಿ ಮೇಲೆ ಸರ್ಕಾರ ಏನು ಕ್ರಮ ತಗೊಂಡಿದೆ?' ಏನು ಹೇಳಿದ್ರು ಅಂತ ನಮಗೂ ತಿಳಿಸಿ. ಮುಂದಿನ ಸಂಚಿಕೇಲಿ ಸಿಗೋಣ.