ಒಂದು ಮನೆಗೆ ಎಷ್ಟು ಹೊಲಿಗೆಯಂತ್ರ?

ನಮ್ಮ ಚಿಕ್ಕಮ್ಮನವರ ಪಡಸಾಲೆಯಲ್ಲಿ ಮೂರು ಹೊಲಿಗೆಯಂತ್ರಗಳಿವೆ. ಮೊದಲನೆಯದು ಕಾಲಿನಿಂದ ತುಳಿಯುವ ಹಳೆಯ ಕಪ್ಪು ಯಂತ್ರ. ಎರಡನೆಯದು ಸೀರೆಯ ಅಂಚಿಗೆ ಜಿಗ್‌ಜಾಗ್ ಹಾಕುವಂಥದು. ಮೂರನೆಯದು ಓವರ್‌ಲಾಕ್ ಯಂತ್ರ. ಮನೆಮಂದಿಯ ಮತ್ತು ನೆರೆಯವರ ಬಟ್ಟೆಗಳನ್ನು ಹೊಲಿದು ಕೂಡಿಟ್ಟ ಹಣದಿಂದಲೇ ಅವರು ಇವನ್ನು ಒಂದೊಂದಾಗಿ ಕೊಂಡರು. ಎರಡನೆಯ ಯಂತ್ರ ಬಂದಾಗ ಮೊದಲನೆಯದನ್ನು ಗುಜರಿಗೆ ಹಾಕುವ ಮಾತು ನಡೆದಿತ್ತು. ಆದರೆ ಅದು ಇಂದಿಗೂ ಕಿಟಕಿಯ ಬಳಿ ತನ್ನ ಸ್ಥಾನದಲ್ಲೇ ಇದೆ. ಹೊಲಿಗೆ ಬಲ್ಲವರ ಅನೇಕ ಮನೆಗಳಲ್ಲಿ ಹೀಗೆಯೇ ಆಗುತ್ತದೆ. ಇದು ಬರಿಯ ವ್ಯಾಮೋಹವೇ, ಅಥವಾ ಇದಕ್ಕೆ ಯಂತ್ರದಲ್ಲಿಯೇ ಕಾರಣವುಂಟೇ?

ಕೈಯಿಂದ ಹೊಲಿಯುವಾಗ ಸೂಜಿಯು ಇಡಿಯಾಗಿ ಬಟ್ಟೆಯನ್ನು ದಾಟಿಹೋಗುತ್ತದೆ. ಯಂತ್ರದ ಸೂಜಿ ಹಾಗಲ್ಲ. ಅದರ ಕಣ್ಣು ಮೊನೆಯ ಬಳಿಯಲ್ಲಿರುತ್ತದೆ. ಅದು ದಾರವನ್ನು ಬಟ್ಟೆಯ ಕೆಳಗೊಯ್ದು, ಮೇಲೇಳತೊಡಗಿದೊಡನೆ ಅಲ್ಲೊಂದು ಕುಣಿಕೆ ಉಂಟಾಗುತ್ತದೆ. ಆ ಕುಣಿಕೆ ಜಾರಿಹೋಗದಂತೆ ತಡೆಯುವುದೇ ಹೊಲಿಗೆಯ ಮರ್ಮ.

ಒಂದು ಕುಣಿಕೆಯೊಳಗೆ ಮುಂದಿನ ಕುಣಿಕೆಯನ್ನು ತೂರಿಸುವುದು ಒಂದು ಉಪಾಯ. ಫ್ರಾನ್ಸಿನ ಬಾರ್ತೆಲೆಮಿ ತಿಮೊನಿಯೇ 1830ರಲ್ಲಿ ಹಕ್ಕುಪತ್ರ ಪಡೆದ ಯಂತ್ರವು ಹಾಕುತ್ತಿದ್ದುದು ಈ ಸರಪಳಿ ಹೊಲಿಗೆಯನ್ನೇ. ಅಕ್ಕಿಯ ಚೀಲದ ಬಾಯಿಯ ದಾರವನ್ನು ಸರಿಯಾದ ತುದಿಯಿಂದ ಎಳೆದರೆ ಸರ್ರನೆ ಬಿಚ್ಚಿಕೊಳ್ಳುವುದನ್ನು ಓದುಗರು ಕಂಡಿರಬಹುದು. ಅದೂ ಸರಪಳಿ ಹೊಲಿಗೆ. ಕುಣಿಕೆಯೊಳಗೆ ಎರಡನೆಯ ದಾರವೊಂದನ್ನು ಹಾಯಿಸಿ ಬಂಧಿಸುವುದು ಇನ್ನೊಂದು ಉಪಾಯ. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಹಕ್ಕುಪತ್ರ ಪಡೆದುದು ಇಂಥ ಯಂತ್ರಕ್ಕೆ. ಮನೆಯ ಸಾಮಾನ್ಯ ಯಂತ್ರದಲ್ಲಿ ಈ ಎರಡನೆಯ ದಾರವೇ ಬಾಬಿನ್ನಿನಲ್ಲಿರುತ್ತದೆ. ಈ ಹೊಲಿಗೆ ಸುಲಭವಾಗಿ ಬಿಚ್ಚಿಕೊಳ್ಳದು.

ಆದರೆ ಈ ಗಟ್ಟಿತನಕ್ಕೂ ಒಂದು ಬೆಲೆಯುಂಟು. ಇಲ್ಲಿ ದಾರಗಳೆರಡೂ ಬಟ್ಟೆಯ ಉದ್ದಕ್ಕೆ ಹೆಚ್ಚುಕಡಿಮೆ ನೇರವಾಗಿ ಓಡುತ್ತವೆ. ಬನಿಯನ್ನಿನಂಥ ಹೆಣಿಗೆಯ ಬಟ್ಟೆಯನ್ನು ಎಳೆದಾಗ ಬಟ್ಟೆ ಹಿಗ್ಗುತ್ತದೆ. ನೇರ ಹೊಲಿಗೆಯ ದಾರ ಅಷ್ಟು ಹಿಗ್ಗಲಾರದೆ ಪಟ್ಟನೆ ಕಡಿಯುತ್ತದೆ. ಓವರ್‌ಲಾಕ್ ಯಂತ್ರಕ್ಕೆ ಬಾಬಿನ್ನೇ ಇಲ್ಲ. ಅದರ ಲೂಪರುಗಳು ಬಟ್ಟೆಯ ಅಂಚನ್ನು ಬಳಸಿ ದಾರವನ್ನು ಕುಣಿಕೆ ಕುಣಿಕೆಯಾಗಿ ಹೆಣೆಯುತ್ತವೆ. ಕುಣಿಕೆಗಳಲ್ಲಿ ಮಿಗುವ ದಾರವಿರುವುದರಿಂದ ಬಟ್ಟೆಯೊಡನೆ ಹೊಲಿಗೆಯೂ ಹಿಗ್ಗುತ್ತದೆ. ಪಕ್ಕದಲ್ಲಿರುವ ಚೂರಿಯು ಅಂಚನ್ನು ಕತ್ತರಿಸುತ್ತಲೇ ಸಾಗುತ್ತದೆ. ಆದರೆ ಅಂಚಿಲ್ಲದ ಕಡೆ ಅದಕ್ಕೆ ಕೆಲಸವಿಲ್ಲ. ಅಂಗಿಯ ಎದೆಯ ಮೇಲೆ ಜೇಬು ಕೂಡಿಸಲು ಮತ್ತೆ ಬಾಬಿನ್ನಿನ ಯಂತ್ರವೇ ಬೇಕು. ಸೂಜಿಯ ಕೆಳಗಿನ ಕಿರಿದಾದ ಎಡೆಯಲ್ಲಿ ಈ ಎರಡು ಏರ್ಪಾಡುಗಳನ್ನೂ ಒಟ್ಟಿಗೆ ಕೂಡಿಸುವುದು ಸುಲಭವಲ್ಲ.

ಜಿಗ್‌ಜಾಗ್ ಯಂತ್ರ ನೇರ ಹೊಲಿಗೆಯನ್ನೂ ಹಾಕಬಲ್ಲದಷ್ಟೆ. ಹಾಗಾದರೆ ಹಳೆಯ ಯಂತ್ರವೇಕೆ? ಈ ಪ್ರಶ್ನೆಗೆ ಉತ್ತರ ದೊರೆತದ್ದು ಚಿಕ್ಕಮ್ಮನವರು ಹೊಸ ಯಂತ್ರದಲ್ಲಿ ತೆಳುವಾದ ರೇಷ್ಮೆಯ ರವಿಕೆಯೊಂದನ್ನು ಹೊಲಿಯಲು ಕುಳಿತಾಗ. ಮೊದಲ ಹೊಲಿಗೆಗೇ ಬಟ್ಟೆ ಒಳಕ್ಕೆ ಸೆಳೆದುಕೊಂಡು ನೆರಿಗೆಗಟ್ಟಿತು. ಸೂಜಿ ಎಡಬಲಕ್ಕೆ ಸರಿಯಬೇಕಾದರೆ ಅದರ ಕೆಳಗಿನ ತಗಡಿನಲ್ಲಿ ಅಗಲವಾದ ಸೀಳಿರಬೇಕು. ನೇರವಾಗಿ ಹೊಲಿಯುವಾಗಲೂ ಆ ಸೀಳು ಹಾಗೆಯೇ ಉಳಿಯುತ್ತದೆ. ಸೂಜಿಯು ತೆಳು ಬಟ್ಟೆಯನ್ನು ಅದರೊಳಕ್ಕೆ ದೂಡುತ್ತದೆ. ಹಳೆಯ ಯಂತ್ರದ ತಗಡಿನಲ್ಲಿರುವುದು ಪುಟ್ಟ ದುಂಡುರಂಧ್ರ. ಅದು ಬಟ್ಟೆಗೆ ಸುತ್ತಲೂ ಆಸರೆ ನೀಡುತ್ತದೆ. ಕೆಲವು ಜಿಗ್‌ಜಾಗ್ ಯಂತ್ರಗಳಲ್ಲಿ ತಗಡನ್ನು ಬದಲಿಸಿಕೊಳ್ಳಬಹುದು, ನಿಜ. ಆದರೆ ಪ್ರತಿ ಸಲವೂ ಬಿಚ್ಚಿ ಕೂಡಿಸಬೇಕು. ದುಂಡುರಂಧ್ರದ ತಗಡಿರುವಾಗ ಮರೆತು ಜಿಗ್‌ಜಾಗಿಗೆ ತಿರುಗಿಸಿದರೆ ಸೂಜಿ ಮುರಿಯುತ್ತದೆ. ಅಂದು ಆ ರವಿಕೆ ಪೂರ್ತಿಯಾದುದು ಕಪ್ಪು ಯಂತ್ರದಲ್ಲೇ. ಗುಜರಿಯ ಮಾತು ಮತ್ತೆ ಏಳಲಿಲ್ಲ.

ಹೀಗೆ ಯಂತ್ರಕ್ಕೆ ಹೊಸದೊಂದು ಚಲನೆ ಬಂದಾಗ ಹಳೆಯದೊಂದು ಗುಣ ಅಷ್ಟಿಷ್ಟು ಸಡಿಲವಾಗುವುದುಂಟು. ಹಾಗೆಂದು ಹೊಸದಾಗಿ ಕಲಿಯುವವರು ಮೂರು ಯಂತ್ರಗಳನ್ನು ಒಮ್ಮೆಗೇ ಕೊಳ್ಳಬೇಕಾಗಿಲ್ಲ. ನೇರ ಹೊಲಿಗೆಯ ಯಂತ್ರವೊಂದಿದ್ದರೆ ರವಿಕೆ, ಲಂಗ, ದಿಂಬಿನ ಚೀಲಗಳೆಲ್ಲ ಆಗುತ್ತವೆ. ಬಟ್ಟೆಯ ಬಗೆ ಬದಲಾದಾಗಲಷ್ಟೆ ಎರಡನೆಯದರ ಅಗತ್ಯ ತಲೆದೋರುತ್ತದೆ.

ಇಂದು ಸಂಜೆ ನಿಮ್ಮ ಅಂಗಿಯನ್ನೂ ಬನಿಯನ್ನನ್ನೂ ಒಳಮಗ್ಗುಲು ಮಾಡಿ ನೋಡಿರಿ. ಜೇಬಿನ ಸುತ್ತ ಯಾವ ಹೊಲಿಗೆಯಿದೆ? ಬನಿಯನ್ನಿನ ಪಕ್ಕದ ಅಂಚಿನಲ್ಲಿ ಯಾವುದು? ಎರಡನ್ನೂ ಮೆಲ್ಲನೆ ಎಳೆದು ನೋಡಿದರೆ, ಚಿಕ್ಕಮ್ಮನವರ ಪಡಸಾಲೆಯಲ್ಲಿ ಮೂರು ಯಂತ್ರಗಳು ಏಕಿವೆಯೆಂಬುದು ನಿಮ್ಮ ಬೆರಳುಗಳಿಗೇ ತಿಳಿಯುವುದು.